ಒಂದು ದಿನ ಕಡಿಮೆ

ಮೇಜಿನ ಗಾಜು ಅರ್ಧ ಒರೆಸಿಯಾಗಿತ್ತು. ಉಳಿದರ್ಧದ ಮೇಲೆ ನಿನ್ನೆಯ ಬೆರಳಚ್ಚುಗಳು, ಅಂಟಿನ ಕಲೆ, ಯಾರೋ ಇಟ್ಟು ಹೋದ ಚಹಾ ಲೋಟದ ಉಂಗುರ. ಅವಳು ಒದ್ದೆ ಬಟ್ಟೆಯನ್ನು ಮಡಚಿ ಆ ಉಂಗುರದ ಮೇಲೆ ಒತ್ತಿ ತಿಕ್ಕುತ್ತಿದ್ದಾಗ ಬಾಗಿಲ ಕಡೆ ಠಪ್ಪೆಂದು ಸದ್ದಾಯಿತು.

ತಲೆ ಎತ್ತಿ ನೋಡಿದಳು. ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ ಒಬ್ಬ ಉದ್ದನೆಯ ಯುವಕ ನಿಂತಿದ್ದ. ಒಂದು ಕೈಯಲ್ಲಿ ಹಣೆ, ಇನ್ನೊಂದು ಕೈಯಲ್ಲಿ ಕಡತ.

"ಕೌಂಟರ್ ಇನ್ನೂ ತೆರೆದಿಲ್ಲ," ಎಂದಳು.

"ಗೊತ್ತು ಮೇಡಂ. ಬಾಗಿಲು ತೆರೆದಿತ್ತಲ್ಲ ಅಂತ ಬಂದೆ. ಅದೂ ನನ್ನ ಅಳತೆಗೆ ತೆರೆದಿರಲಿಲ್ಲ ಅನ್ಸುತ್ತೆ."

ಅವಳಿಗೆ ನಗು ಬಂತು, ನುಂಗಿಕೊಂಡಳು. ಆ ಕುರ್ಚಿಯಲ್ಲಿ ಕೂತು ಇನ್ನೂ ಒಂದು ತಿಂಗಳಾಗಿತ್ತಷ್ಟೆ. ಮೆತ್ತಗಿದ್ದರೆ ತಲೆಯ ಮೇಲೆ ಕೂರುತ್ತಾರೆ ಎಂದು ಮೊದಲ ದಿನವೇ ಎಲ್ಲರೂ ಎಚ್ಚರಿಸಿದ್ದರು. ಅದಕ್ಕೆ ಅವಳು ಮುಖ ಬಿಗಿದುಕೊಂಡೇ ಇರುತ್ತಿದ್ದಳು. ಬಿಗಿದೂ ಬಿಗಿದೂ ಸಂಜೆಗೆ ದವಡೆ ನೋಯುತ್ತಿತ್ತು.

ಸರಕು ಹಡಗಿನಲ್ಲಿ ಅಧಿಕಾರಿಯಾಗಬೇಕು ಎನ್ನುವವರೆಲ್ಲ ಪರೀಕ್ಷೆಗೆ ಕೂರುವ ಮೊದಲು ಈ ಕೌಂಟರ್ ದಾಟಬೇಕಿತ್ತು. ಬೆಂಕಿ ಆರಿಸುವುದನ್ನು ಕಲಿತ ಪತ್ರ, ನೀರಿಗೆ ಹಾರಿ ಜೀವ ಉಳಿಸಿಕೊಳ್ಳುವುದನ್ನು ಕಲಿತ ಪತ್ರ, ಪ್ರಥಮ ಚಿಕಿತ್ಸೆಯದು, ಕಣ್ಣಿನದು... ಇವೆಲ್ಲ ಇದ್ದರೂ ಸಾಲದು. ಕೆಡೆಟ್ ಆಗಿ, ಎಂದರೆ ಕಲಿಯುವ ಹುಡುಗನಾಗಿ, ಹಡಗಿನ ಮೇಲೆ ಐನೂರ ನಲವತ್ತು ದಿನ ಕಳೆದಿರಬೇಕು. ಆ ದಿನಗಳನ್ನು ಎಣಿಸುವುದೇ ಅವಳ ಕೆಲಸ. ಅಭ್ಯರ್ಥಿಗಳು ಅವಳಿಗೆ 'ಎಣಿಕೆ ಮೇಡಂ' ಎಂದು ಹೆಸರಿಟ್ಟಿದ್ದರು. ಈ ಉದ್ದನೆಯವನಿಗೆ ಅವನ ಗೆಳೆಯರು ಇಟ್ಟ ಹೆಸರು 'ಏಣಿ'.

ಏಣಿಯ ಪತ್ರಗಳೆಲ್ಲ ಸರಿಯಾಗಿದ್ದವು. ಅವಳು ಸೇವಾ ಪುಸ್ತಕ ಬಿಡಿಸಿದಳು. ಮೊದಲ ಹಡಗಿನಲ್ಲಿ ಮುನ್ನೂರ ಹತ್ತು ದಿನ. ಎರಡನೆಯದನ್ನು ಜನವರಿ ಇಪ್ಪತ್ತಕ್ಕೆ ಹತ್ತಿ ಸೆಪ್ಟೆಂಬರ್ ಐದಕ್ಕೆ ಇಳಿದಿದ್ದ.

ಗಾಜಿನ ಅಡಿಯಲ್ಲಿ ಒಂದು ಹಳೆಯ ಪಟ್ಟಿ ಇತ್ತು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಸಂಖ್ಯೆ. ಜನವರಿ ಒಂದಕ್ಕೆ ಒಂದು, ಡಿಸೆಂಬರ್ ಮೂವತ್ತೊಂದಕ್ಕೆ ಮುನ್ನೂರ ಅರವತ್ತೈದು. ಇಳಿದ ದಿನದ ಸಂಖ್ಯೆಯಲ್ಲಿ ಹತ್ತಿದ ದಿನದ್ದನ್ನು ಕಳೆದು ಒಂದು ಕೂಡಿಸಿದರೆ ಆಯಿತು. ಅವಳು ಬೆರಳಿಟ್ಟು ನೋಡಿದಳು. ಇನ್ನೂರ ನಲವತ್ತೆಂಟರಲ್ಲಿ ಇಪ್ಪತ್ತು ಕಳೆದು, ಒಂದು ಕೂಡಿ... ಇನ್ನೂರ ಇಪ್ಪತ್ತೊಂಬತ್ತು.

ಒಟ್ಟು ಐನೂರ ಮೂವತ್ತೊಂಬತ್ತು.

"ಒಂದು ದಿನ ಕಡಿಮೆ ಇದೆ," ಎಂದಳು.

ಈಗ ಜಗಳ ಶುರುವಾಗುತ್ತದೆ ಎಂದು ಕಾದಳು. ಒಂದು ದಿನ ಕಡಿಮೆ ಎಂದರೆ ಯಾರೂ ಒಂದು ದಿನಕ್ಕಾಗಿ ಹಡಗು ಹತ್ತಿಸಿಕೊಳ್ಳುವುದಿಲ್ಲ. ಮೂರು ನಾಲ್ಕು ತಿಂಗಳ ಕರಾರಿಗೆ ಸಹಿ ಹಾಕಬೇಕು. ಈ ಸಲದ ಪರೀಕ್ಷೆ ಕೈತಪ್ಪುತ್ತದೆ. ಆದರೆ ಅವನು ಜಗಳವಾಡಲಿಲ್ಲ. ಅವನ ಮುಖದಲ್ಲಿ ಏನೋ ಸಡಿಲವಾಯಿತು. ಅವಳು ಅದನ್ನು ನಿರಾಸೆ ಎಂದುಕೊಂಡಳು.

"ಮರು ಎಣಿಕೆಗೆ ಅರ್ಜಿ ಕೊಡಬಹುದು," ಎಂದು ತಾನಾಗಿಯೇ ಹೇಳಿದಳು.

"ಬೇಡ ಮೇಡಂ. ನೀವು ಎಣಿಸಿದ ಮೇಲೆ ಸರಿಯಾಗೇ ಇರುತ್ತೆ."

ಅವಳು 'ಅರ್ಹತೆ ಇಲ್ಲ' ಎಂಬ ಮೊಹರು ಒತ್ತಿದಳು. ಅವನು ಬಗ್ಗಿ ವಂದಿಸಿ ಹೊರಟ. ಹೋಗುವಾಗಲೂ ಹಣೆ ಬಡಿಸಿಕೊಂಡ.

*

ಮತ್ತೊಂದು ಹಡಗು ಸಿಗುವವರೆಗೆ ಅವನು ದಿನವೂ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ. ಮಧ್ಯಾಹ್ನದ ಊಟದ ಡಬ್ಬಿ ತೊಳೆಯಲು ಅವಳು ಹೋಗುವ ನಲ್ಲಿಯೂ ಅಲ್ಲೇ ಇತ್ತು. ಮೊದಲ ದಿನ ಬರೀ ತಲೆಯಾಡಿಸಿದರು. ಎರಡನೆಯ ದಿನ ಅವನು ಒಂದು ಕಟ್ಟು ರಟ್ಟಿನ ಚೀಟಿ ಚಾಚಿದ.

"ಮೇಡಂ, ಒಂದು ಉಪಕಾರ. ಇದರಲ್ಲಿ ಒಂದೊಂದೇ ಕೇಳ್ತೀರಾ? ನನ್ನನ್ನ ನಾನೇ ಕೇಳ್ಕೊಂಡ್ರೆ ಎಲ್ಲದಕ್ಕೂ ನೂರಕ್ಕೆ ನೂರು ಹಾಕ್ಕೊಂಡ್ಬಿಡ್ತೀನಿ."

ಚೀಟಿಯ ಒಂದು ಬದಿಯಲ್ಲಿ ದೀಪಗಳ ಚಿತ್ರ, ಇನ್ನೊಂದು ಬದಿಯಲ್ಲಿ ಉತ್ತರ. ಯಾವ ಹಡಗು ಯಾವ ದೀಪ ಹಚ್ಚುತ್ತದೆ, ಯಾರು ಯಾರಿಗೆ ದಾರಿ ಬಿಡಬೇಕು, ಮಂಜಿನಲ್ಲಿ ಎಷ್ಟು ಸಲ ಕೊಂಬು ಊದಬೇಕು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳತೊಡಗಿದಳು.

ಅವನಿಗೆ ಎಲ್ಲವೂ ಬರುತ್ತಿತ್ತು. ಆದರೆ ಉತ್ತರ ಹೇಳುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ, ಯಾರೋ ಹೊಡೆಯಲು ಕೈ ಎತ್ತಿದ ಹಾಗೆ.

"ಗೊತ್ತಿರೋದನ್ನ ಹೇಳೋಕೆ ಇಷ್ಟು ಹೆದರ್ತೀರಲ್ಲ?" ಎಂದು ಒಂದು ದಿನ ಕೇಳಿದಳು.

"ಗೊತ್ತಿಲ್ದಿದ್ರೆ ಹೆದರಿಕೆನೇ ಇರ್ತಿರ್ಲಿಲ್ಲ ಮೇಡಂ."

ಅದೇನು ಮಾತು ಎಂದು ಅವಳಿಗೆ ತಿಳಿಯಲಿಲ್ಲ. ಆದರೆ ಆ ದಿನದಿಂದ ಡಬ್ಬಿ ತೊಳೆಯಲು ಅವಳಿಗೆ ಅರ್ಧ ಗಂಟೆ ಹಿಡಿಯತೊಡಗಿತು. ಮನೆಯಲ್ಲಿ ಅಕ್ಕ ಡಬ್ಬಿಯನ್ನು ತಿರುಗಿಸಿ ನೋಡಿ, "ಏನೇ ಇದು, ಇಷ್ಟು ಹೊಳೀತಿದೆ? ಕಚೇರಿಯಲ್ಲಿ ಕೆಲಸ ಕಡಿಮೆಯಾಯ್ತಾ?" ಎಂದಳು. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಸೂಜಿಯ ಕಣ್ಣಿಗೂ ಕಾಣದ್ದು ಅವಳ ಕಣ್ಣಿಗೆ ಕಾಣುತ್ತಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ಅವನಿಗೆ ಹಡಗು ಸಿಕ್ಕಿತು. ಹಳೆಯದು, ಅದಿರು ಸಾಗಿಸುವಂಥದ್ದು.

"ಬೇರೆ ಸಿಗಲಿಲ್ವಾ?"

"ಒಂದು ದಿನ ಬೇಕಾದವನಿಗೆ ಹೊಸ ಹಡಗು ಯಾರು ಕೊಡ್ತಾರೆ ಮೇಡಂ."

ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ, "ಅಲ್ಲಿಂದ ಸುದ್ದಿ ಕಳಿಸ್ತೀರಾ?" ಎಂದಳು.

"ಕಳಿಸೋಕೆ ನನಗೆ ಅರ್ಹತೆ ಇದೆಯಾ?"

"ಅರ್ಜಿ ಹಾಕಿ. ಪರಿಶೀಲಿಸ್ತೀವಿ."

ಅವನು ಜೋರಾಗಿ ನಕ್ಕ. ಅವಳಿಗೆ ಆ ನಗುವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟುಕೊಳ್ಳಬೇಕು ಎನ್ನಿಸಿತು.

*

ಅವನು ಹೋಗಿ ಹದಿನಾಲ್ಕು ದಿನಗಳಾಗಿದ್ದವು. ಕೌಂಟರಿಗೆ ಒಬ್ಬಳು ಹುಡುಗಿ ಬಂದಳು. ಎಂಜಿನ್ ವಿಭಾಗದ ಕೆಡೆಟ್, ಕುಳ್ಳಿ, ಮಾತು ಮಾತ್ರ ಮಾರುದ್ದ. ಅವಳ ದಿನಗಳನ್ನು ಎಣಿಸಿದಾಗಲೂ ಒಂದು ಕಡಿಮೆ ಬಂತು.

"ಸಾಧ್ಯವೇ ಇಲ್ಲ," ಎಂದಳು ಹುಡುಗಿ. "ನೀವು ಯಾವ ವರ್ಷದ ಪಟ್ಟಿ ನೋಡ್ತಿದೀರಿ?"

"ಎಲ್ಲ ವರ್ಷಕ್ಕೂ ಇದೇ ಪಟ್ಟಿ."

"ಈ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಮೇಡಂ. ಆವತ್ತು ನನ್ನ ಹುಟ್ಟುಹಬ್ಬ. ಎಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸ್ಕೊಂಡೇ ಆಚರಿಸಿದೀನಿ. ಮೊದಲೇ ನಾಲ್ಕು ವರ್ಷಕ್ಕೊಂದ್ಸಲ ಬರೋದು, ಅದನ್ನೂ ನೀವು ನುಂಗಿಬಿಟ್ರೆ ನನಗೆ ವಯಸ್ಸಾಗೋದು ಯಾವಾಗ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ. ಬೆರಳು ಪಟ್ಟಿಯ ಮೇಲೆಯೇ ಅಂಟಿಕೊಂಡಿತು. ಅಧಿಕ ವರ್ಷದಲ್ಲಿ ಫೆಬ್ರವರಿ ದಾಟಿದ ಮೇಲೆ ಪ್ರತಿ ಸಂಖ್ಯೆಗೂ ಒಂದು ಸೇರಿಸಬೇಕು. ಈ ಕೆಲಸ ಕಲಿಸಿಕೊಟ್ಟವರು ಮೊದಲ ದಿನವೇ ಹೇಳಿದ್ದರು. ನೂರು ವಿಷಯಗಳ ನಡುವೆ ಹೇಳಿದ್ದರು... ಅವಳು ಮರೆತಿದ್ದಳು.

ಹುಡುಗಿಯ ಎಣಿಕೆ ತಿದ್ದಿ, ಕ್ಷಮೆ ಕೇಳಿ ಕಳಿಸಿದಳು. ಸಾಲು ಕರಗುವವರೆಗೆ ಕೆಲಸ ಮಾಡಿದಳು. ಆಮೇಲೆ ಕಪಾಟಿನಿಂದ ಏಣಿಯ ಕಡತ ತೆಗೆದಳು.

ಸೆಪ್ಟೆಂಬರ್ ಐದು, ಇನ್ನೂರ ನಲವತ್ತೊಂಬತ್ತು. ಇನ್ನೂರ ಮೂವತ್ತು ದಿನ. ಮುನ್ನೂರ ಹತ್ತು ಕೂಡಿದರೆ ಐನೂರ ನಲವತ್ತು.

ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಕಾಲ ಕೆಳಗಿನ ನೆಲ ನಿಧಾನವಾಗಿ ಒಂದು ಬದಿಗೆ ವಾಲಿದಂತಾಯಿತು. 'ನಾನೇ ಹತ್ತಿಸಿದೆ... ಆ ಹಡಗಿಗೆ ಅವನನ್ನು ನಾನೇ ಹತ್ತಿಸಿದೆ.'

ಮರುದಿನ ಬೆಳಿಗ್ಗೆ, ಬೇರೆ ಯಾರೂ ಬರುವ ಮೊದಲು, ಅವಳು ಪತ್ರ ಬರೆದಳು. ಬೇರೆ ಊರಿನಲ್ಲಿದ್ದ ಮುಖ್ಯ ಪರೀಕ್ಷಾಧಿಕಾರಿಗೆ. ಎಣಿಕೆಯಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಈ ಅಭ್ಯರ್ಥಿಗೆ ಅರ್ಹತೆ ಇದೆ, ಅವನನ್ನು ಪರೀಕ್ಷೆಗೆ ಕರೆಯಬೇಕು. ನಾಲ್ಕೇ ಸಾಲು. ಆ ಪತ್ರ ಹೋದರೆ ಕಚೇರಿಯಿಂದ ಹಡಗಿಗೆ ಸುದ್ದಿ ಹೋಗುತ್ತದೆ, ಮುಂದಿನ ಬಂದರಿನಲ್ಲಿ ಅವನು ಇಳಿಯಬಹುದು.

ಲಕೋಟೆಗೆ ವಿಳಾಸ ಬರೆದು ಕೈಚೀಲದಲ್ಲಿಟ್ಟುಕೊಂಡಳು. ಸಂಜೆ ಅಂಚೆ ಕಚೇರಿಯ ಮುಂದೆಯೇ ನಡೆದು ಹೋದಳು. ಒಳಗೆ ಹೋಗಲಿಲ್ಲ.

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎಣಿಸಲು ಬಾರದವಳನ್ನು ಎಣಿಸುವ ಕುರ್ಚಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಆದರೆ ನಿಜವಾದ ಹೆದರಿಕೆ ಅದಲ್ಲ, ಅದು ಅವಳಿಗೂ ಗೊತ್ತಿತ್ತು. 'ನೀವು ಎಣಿಸಿದ ಮೇಲೆ ಸರಿಯಾಗೇ ಇರುತ್ತೆ' ಎಂದಿದ್ದನಲ್ಲ, ಆ ಮಾತು ಹೇಳಿದ ಬಾಯಿ ಇನ್ನು ಮುಂದೆ ತನ್ನ ಹೆಸರು ಹಿಡಿದು ಏನು ಹೇಳೀತು...

ನಾಳೆ ಹಾಕುತ್ತೇನೆ ಎಂದುಕೊಂಡಳು. ನಾಳೆಯೂ ಹಾಗೆಯೇ ಎಂದುಕೊಂಡಳು.

ಹನ್ನೊಂದು ನಾಳೆಗಳು ಹೋದವು. ಅಷ್ಟು ದಿನವೂ ಅವನ ಹಡಗು ಒಂದೇ ಬಂದರಿನಲ್ಲಿತ್ತು. ಅವನ ಸಂದೇಶಗಳು ಬರುತ್ತಿದ್ದವು.

'ಅದಿರು ತುಂಬುತ್ತಿದ್ದಾರೆ. ಮಳೆ ಬಿಡುತ್ತಿಲ್ಲ. ಅದಕ್ಕೇ ತಡ.'

'ಇವತ್ತೂ ಮಳೆ. ಅದಿರು ತೊಯ್ದು ತೊಪ್ಪೆ. ನಾನೂ.'

'ನಾಳೆ ಹೊರಡುತ್ತೇವೆ. ಒಂಬತ್ತು ದಿನ ಸಿಗ್ನಲ್ ಸಿಗೋದು ಕಷ್ಟ. ಹಡಗಿನ ದೂರವಾಣಿ ಇದೆ, ಆದರೆ ಅದು ಕ್ಯಾಪ್ಟನ್ ತಮ್ಮ ಹೆಂಡತಿ ಜೊತೆ ಮಾತಾಡೋಕೆ ಮೀಸಲು.'

ಅವಳು ಊಟದ ಹೊತ್ತಿನಲ್ಲಿ ಮೌಖಿಕ ಪರೀಕ್ಷೆ ನಡೆಸುವ ಹಿರಿಯ ಕ್ಯಾಪ್ಟನ್ ಹತ್ತಿರ ಹೋಗಿ, ಯಾರ ವಿಷಯವೂ ಅಲ್ಲ ಎಂಬಂತೆ ಕೇಳಿದಳು.

"ಸರ್, ಒದ್ದೆ ಅದಿರು ತುಂಬಿದರೆ ಏನಾಗುತ್ತೆ?"

ಕ್ಯಾಪ್ಟನ್ ಕನ್ನಡಕ ತೆಗೆದರು. "ತುಂಬುವಾಗ ಮಣ್ಣಿನ ಹೆಂಟೆ ಇದ್ದಹಾಗೆ ಇರುತ್ತಮ್ಮ. ಅಲೆಗೆ ಹಡಗು ಕುಲುಕಿ ಕುಲುಕಿ, ಒಳಗಿನ ನೀರೆಲ್ಲ ಮೇಲೆ ಬಂದು ಕೆಸರಾಗಿಬಿಡುತ್ತೆ. ಕೆಸರು ಒಂದು ಕಡೆ ಸರಿದ್ರೆ ಹಡಗೂ ಆ ಕಡೆ ಮಲಗುತ್ತೆ. ಯಾಕೆ, ಯಾರಿದಾರೆ ಅದರಲ್ಲಿ?"

"ಯಾರೂ ಇಲ್ಲ ಸರ್."

ಆ ಸಂಜೆ ಅವಳು ಅಂಚೆ ಕಚೇರಿಗೆ ಓಡಿದಳು. ಬಾಗಿಲು ಹಾಕುತ್ತಿದ್ದರು. ಹಾಕದಿದ್ದರೂ ಏನು ಮಾಡುವುದಿತ್ತು? ಹಡಗು ಬೆಳಿಗ್ಗೆಯೇ ಬಂದರು ಬಿಟ್ಟಾಗಿತ್ತು. ಅವನು ಇಳಿಯಬಹುದಾಗಿದ್ದ ಮೆಟ್ಟಿಲನ್ನು ಮೇಲೆತ್ತಿಯಾಗಿತ್ತು.

*

ಮೂರನೆಯ ದಿನ ಹಿರಿಯ ಕ್ಯಾಪ್ಟನ್ ತಾವಾಗಿಯೇ ಕೌಂಟರಿನ ಹತ್ತಿರ ಬಂದು ನಿಂತರು.

"ನೀನು ಕೇಳಿದ್ಯಲ್ಲಮ್ಮ ಮೊನ್ನೆ. ಅಂಥದ್ದೇ ಒಂದು ಹಡಗಿನ ಸಂಪರ್ಕ ತಪ್ಪಿದೆ. ನಮ್ಮ ಹುಡುಗ ಒಬ್ಬ ಇದಾನೆ ಅದರಲ್ಲಿ. ಆ ಏಣಿ."

ಅವಳ ಕೈಯಲ್ಲಿದ್ದ ಪೆನ್ನು ಅಕ್ಷರದ ಮಧ್ಯದಲ್ಲಿ ನಿಂತಿತು.

"ಸಂಪರ್ಕ ತಪ್ಪಿದೆ ಅಂದ್ರೆ ಸರ್..."

"ಅಂದ್ರೆ ಅಷ್ಟೇ. ಯಂತ್ರ ಕೆಟ್ಟಿರಬಹುದು, ವಿದ್ಯುತ್ ಹೋಗಿರಬಹುದು. ಕೆಟ್ಟದ್ದೇ ಯಾಕೆ ಅಂದ್ಕೋಬೇಕು." ಅವರು ಹಾಗೆಂದರು, ಆದರೆ ಅವಳ ಮುಖ ನೋಡಿ ಹೇಳಲಿಲ್ಲ.

ಮುಂದಿನ ಆರು ದಿನ ಅವಳು ಹೇಗೆ ಕಳೆದಳೋ. ಫೋನ್ ಸದ್ದಾದರೆ ಎದೆ ಹಾರುತ್ತಿತ್ತು, ಸದ್ದಾಗದಿದ್ದರೆ ಇನ್ನಷ್ಟು ಹಾರುತ್ತಿತ್ತು. ಬೀದಿಯಲ್ಲಿ ನೀರಿನ ಗಾಡಿ ತಿರುವಿನಲ್ಲಿ ವಾಲಿದರೂ ಅವಳು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಕೌಂಟರಿನಲ್ಲಿ ಒಬ್ಬೊಬ್ಬರ ದಿನಗಳನ್ನೂ ಮೂರು ಮೂರು ಸಲ ಎಣಿಸಿದಳು. ಸಾಲು ಹೊರಗಿನ ಗೇಟಿನವರೆಗೆ ಬೆಳೆಯಿತು.

ನಾಲ್ಕನೆಯ ದಿನ ಆ ಸಾಲಿನ ಪಕ್ಕದಿಂದ ಒಬ್ಬ ಹೆಂಗಸು ಮೆಲ್ಲಗೆ ಬಂದು ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂತರು. ಎತ್ತರದ ಹೆಂಗಸು. ಕೂತಾಗಲೂ ಎತ್ತರ. ಯಾರ ತಾಯಿ ಎಂದು ಕೇಳಬೇಕಾಗಿರಲಿಲ್ಲ.

"ಏನಾದ್ರೂ ಗೊತ್ತಾಯ್ತೇನಮ್ಮ ಇಲ್ಲಿಗೆ?"

"ಇನ್ನೂ ಇಲ್ಲಮ್ಮ."

"ಕಂಪನಿಯವರು ಫೋನ್ ಎತ್ತಲ್ಲ. ಎತ್ತಿದ್ರೂ ಬೇರೆಯವರಿಗೆ ಕೊಡ್ತಾರೆ." ಅವರು ಅವಳನ್ನೇ ನೋಡಿದರು. "ನೀನೇ ಅಲ್ವಾ ಎಣಿಕೆ ಮೇಡಂ? ನಿನ್ನ ವಿಷಯ ಹೇಳಿದ್ದ ಕಣಮ್ಮ. ಬಹಳ ಕಟ್ಟುನಿಟ್ಟು, ಒಂದು ದಿನವೂ ಬಿಡಲ್ಲ ಅಂತ. ಹೊಗಳಿಯೇ ಹೇಳಿದ. ಬೇರೆ ಯಾರನ್ನೂ ಅವನು ಹಾಗೆ ಹೊಗಳಿದ್ದು ನಾ ಕೇಳಿಲ್ಲ."

ಅವಳ ಕಣ್ಣ ಮುಂದೆ ಗಾಜು, ಪಟ್ಟಿ, ಸಂಖ್ಯೆಗಳೆಲ್ಲ ಕಲಸಿಹೋದವು.

"ಒಂದೇ ಒಂದು ದಿನ ಕಡಿಮೆ ಇತ್ತಂತೆ. ಹೌದಾ ಮಗಳೇ?"

ಕೈಚೀಲ ತೊಡೆಯ ಮೇಲೆಯೇ ಇತ್ತು. ಪತ್ರ ಅದರೊಳಗೇ ಇತ್ತು. ತೆಗೆದು ಆ ತಾಯಿಯ ಮಡಿಲಿಗೆ ಹಾಕಿಬಿಡಬೇಕು ಎನ್ನಿಸಿತು. ಬಾಯಿ ತೆರೆದಳು.

"ಹೌದಮ್ಮ," ಎಂದಳು.

ಆ ತಾಯಿ ತಲೆಯಾಡಿಸಿ, ಎದ್ದು, ಅವಳ ಕೈಯನ್ನು ಒಮ್ಮೆ ತಟ್ಟಿ ಹೋದರು. ಅವರು ಹೋದ ಮೇಲೆ ಅವಳು ಹಿಂದಿನ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡಳು. ತಟ್ಟಿಸಿಕೊಂಡ ಕೈ ಸುಡುತ್ತಿತ್ತು.

*

ಏಳನೆಯ ದಿನ ಬೆಳಿಗ್ಗೆ ಹಿರಿಯ ಕ್ಯಾಪ್ಟನ್ ಬಾಗಿಲಿಂದಲೇ ಕೈ ಎತ್ತಿದರು. "ಸಿಕ್ಕಿದ್ರಮ್ಮ, ಎಲ್ಲರೂ. ಯಂತ್ರ ಸತ್ತು, ಹಡಗು ಒಂದು ಮಗ್ಗುಲಿಗೆ ವಾಲಿಕೊಂಡು ತೇಲ್ತಿತ್ತಂತೆ. ಇನ್ನೊಂದು ಹಡಗು ನೋಡಿ ಎಳ್ಕೊಂಡು ಬಂದಿದೆ."

ಅವಳು ಕುರ್ಚಿಯಿಂದ ಏಳಲು ಹೋಗಿ ಕೂತುಬಿಟ್ಟಳು.

ಹತ್ತು ದಿನಗಳ ನಂತರ ಅವನು ಬಂದ. ಕೆನ್ನೆ ಒಳಗೆ ಹೋಗಿತ್ತು, ಎಡಗೈಗೆ ಪಟ್ಟಿ ಕಟ್ಟಿತ್ತು. ಊಟದ ಹೊತ್ತು, ಕೌಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ. ಸೇವಾ ಪುಸ್ತಕವನ್ನು ಗಾಜಿನ ಮೇಲಿಟ್ಟು ನಕ್ಕ.

"ಈಗ ದಿನ ಸಾಕಷ್ಟಿದೆ ಮೇಡಂ. ಬೇಕಿದ್ರೆ ಸ್ವಲ್ಪ ನೀವೂ ಇಟ್ಕೊಳ್ಳಿ."

ಅವಳು ಪುಸ್ತಕ ಮುಟ್ಟಲಿಲ್ಲ. ಇನ್ನೊಂದು ನಾಳೆ ಬರುವುದು ಬೇಡವಾಗಿತ್ತು.

"ನಿಮ್ಮ ದಿನ ಕಡಿಮೆ ಇರಲಿಲ್ಲ. ನಾನು ತಪ್ಪು ಎಣಿಸಿದೆ. ಫೆಬ್ರವರಿ ಇಪ್ಪತ್ತೊಂಬತ್ತನ್ನ ಬಿಟ್ಟುಬಿಟ್ಟೆ." ಒಂದೇ ಉಸಿರಿಗೆ ಹೇಳಿದಳು. "ನೀವಿನ್ನೂ ಬಂದರಲ್ಲಿದ್ದಾಗಲೇ ಗೊತ್ತಾಯ್ತು. ಪತ್ರವೂ ಬರೆದೆ. ಕಳಿಸೋಕೆ ಧೈರ್ಯ ಆಗಲಿಲ್ಲ. ಕಳಿಸಿದ್ರೆ ನೀವು ಅಲ್ಲೇ ಇಳಿದುಬಿಡ್ತಿದ್ರಿ."

ಅವನ ನಗು ನಿಂತಿತು. ಬೈಯುತ್ತಾನೆ ಎಂದು ಕಾದಳು. ಬೈದರೆ ಸಾಕಿತ್ತು.

"ನನಗೆ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಐನೂರ ನಲವತ್ತು ಇತ್ತು ಅಂತ. ಹಡಗಲ್ಲಿರೋನು ದಿನ ಎಣಿಸದೆ ಇನ್ನೇನು ಮಾಡ್ತಾನೆ ಹೇಳಿ. ಮಂಚದ ಪಕ್ಕದ ಗೋಡೆಗೆ ದಿನಕ್ಕೊಂದು ಗೀಟು ಎಳೀತಿದ್ದೆ. ನೀವು ಒಂದು ಕಡಿಮೆ ಅಂದಾಗಲೇ ಫೆಬ್ರವರಿದು ಅಂತ ಹೊಳೀತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ. "ಎರಡನೇ ಹಡಗಲ್ಲಿ ಒಂದು ಬೆಳಿಗ್ಗೆ ಮಂಜು. ಬ್ರಿಜ್ ಮೇಲೆ ನಿಂತು ಎದುರುಗಡೆ ನೋಡೋದು ನನ್ನ ಕೆಲಸ. ಬ್ರಿಜ್ ಅಂದ್ರೆ ಹಡಗು ನಡೆಸೋ ಕೋಣೆ. ಏನೋ ಕಂಡಹಾಗಾಯ್ತು, ಏನೂ ಇಲ್ಲ ಅಂದ್ಕೊಂಡೆ. ಮೀನಿನ ದೋಣಿ. ನಮ್ಮ ಪಕ್ಕದಲ್ಲೇ ಇಷ್ಟು ಅಂತರದಲ್ಲಿ ಹೋಯ್ತು. ಅದರಲ್ಲೊಬ್ಬ ಮುದುಕ ಎದ್ದು ನಿಂತು ನನ್ನನ್ನೇ ನೋಡಿದ. ಬೈಯಲೂ ಇಲ್ಲ." ಸೇವಾ ಪುಸ್ತಕದ ಅಂಚನ್ನು ಬೆರಳಿನಿಂದ ಸರಿಮಾಡಿದ. "ಆವತ್ತು ಅಧಿಕಾರಿ ಪಕ್ಕದಲ್ಲಿದ್ರು. ಪರೀಕ್ಷೆ ಪಾಸಾದ್ರೆ ಅಲ್ಲಿ ನಾನೊಬ್ಬನೇ ನಿಲ್ಲಬೇಕು. ನೀವು ಒಂದು ದಿನ ಕಡಿಮೆ ಅಂದಾಗ... ಬದುಕಿದೆ ಅನ್ನಿಸ್ತು. ಅದಕ್ಕೇ ಬಾಯಿ ಮುಚ್ಕೊಂಡೆ."

ಮೊದಲ ದಿನ ಅವನ ಮುಖದಲ್ಲಿ ಸಡಿಲವಾದದ್ದು ನಿರಾಸೆಯಲ್ಲ, ನೆಮ್ಮದಿ ಎಂದು ಅವಳಿಗೆ ಈಗ ತಿಳಿಯಿತು. ಮೊದಲು ಹಗುರವಾದಂತಾಯಿತು. ಮರುಕ್ಷಣವೇ ಸಿಟ್ಟು ಬಂತು.

"ನಿಮ್ಮಮ್ಮ ಇದೇ ಕುರ್ಚಿಯಲ್ಲಿ ಕೂತಿದ್ರು," ಎಂದಳು. "ನನ್ನ ಮಗನಿಗೆ ಒಂದು ದಿನ ಕಡಿಮೆ ಇತ್ತಾ ಅಂತ ಕೇಳಿದ್ರು. ನಾನು ಹೌದು ಅಂದೆ. ಆರು ದಿನ ನಾನೇ ಕೊಂದೆ ಅಂದ್ಕೊಂಡು ಉಸಿರಾಡಿದೀನಿ. ನಿಮಗೆ ಮಾತ್ರ ಮೊದಲಿಂದಲೂ ಗೊತ್ತಿತ್ತು."

"ಮೇಡಂ, ನಾನು..."

ಅವಳು ಅವನ ಪುಸ್ತಕ ಎಳೆದುಕೊಂಡು, ಎಣಿಸಿ, 'ಅರ್ಹತೆ ಇದೆ' ಎಂಬ ಮೊಹರು ಒತ್ತಿ ತಳ್ಳಿದಳು.

"ಶುಕ್ರವಾರ ಮೌಖಿಕ ಪರೀಕ್ಷೆ. ಹೋಗಿ."

*

ಎರಡು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಯಂತ್ರಕ್ಕೆ ದಾರ ಪೋಣಿಸುತ್ತಾ, ತಲೆ ಎತ್ತದೆ ಕೇಳಿದಳು. "ಹೇಳ್ತೀಯೋ, ನಾನೇ ಬಿಚ್ಚಿ ನೋಡ್ಲೋ?"

ಅವಳು ಎಲ್ಲವನ್ನೂ ಹೇಳಿದಳು. ಅಕ್ಕ ಕೇಳುತ್ತಾ ಕೇಳುತ್ತಾ ಒಂದು ತೋಳು ಹೊಲಿದು ಮುಗಿಸಿದಳು.

"ಅಂದ್ರೆ ಅವನು ಬಾಯಿ ಮುಚ್ಕೊಂಡಿದ್ದ. ನೀನು ಚೀಲ ಮುಚ್ಕೊಂಡಿದ್ದೆ."

"ಎರಡೂ ಒಂದೇನಾ ಅಕ್ಕ?"

"ಎರಡನ್ನೂ ಹೊಲಿದಿದ್ದು ಒಂದೇ ಹೆದರಿಕೆ ಕಣೇ. ಅವನ ಮೇಲೆ ಸಿಟ್ಟು ಮಾಡ್ಕೋ, ಬೇಡ ಅನ್ನಲ್ಲ. ಆದ್ರೆ ಆ ಪತ್ರ ಇನ್ನೂ ಯಾಕೆ ನಿನ್ನ ಹತ್ರ ಇದೆ?"

"ಇನ್ನೇನು ಉಪಯೋಗ? ಅವನು ವಾಪಸ್ ಬಂದಾಯ್ತಲ್ಲ."

"ನೀನು ಆ ಪಟ್ಟಿ ಇಟ್ಕೊಂಡು ಎಣಿಸಿದ್ದು ಅವನೊಬ್ಬನದೇನಾ?"

ಆ ಪ್ರಶ್ನೆ ಅವಳ ಒಳಗೂ ಇತ್ತು. ಅದರ ಹತ್ತಿರ ಹೋಗಲೇ ಹೆದರಿ ಸುತ್ತು ಹಾಕಿಕೊಂಡು ಓಡಾಡುತ್ತಿದ್ದಳು.

ಅಂದು ಕಚೇರಿಗೆ ಬೇಗ ಹೋಗಿ, ತಾನು ಕೆಲಸಕ್ಕೆ ಸೇರಿದಂದಿನಿಂದಿನ ದಾಖಲೆ ಪುಸ್ತಕ ತೆರೆದಳು. ಒಂದು ದಿನ ಕಡಿಮೆ ಎಂದು ತಾನು ವಾಪಸು ಕಳಿಸಿದವರು ಅವನೂ ಸೇರಿ ಮೂವರು. ಉಳಿದಿಬ್ಬರ ಕಡತಗಳನ್ನು ತೆಗೆದು ಹೊಸದಾಗಿ ಎಣಿಸಿದಳು. ಇಬ್ಬರದೂ ಸರಿಯಿತ್ತು. ಫೋನ್ ಮಾಡಿದಳು. ಒಬ್ಬ ಮತ್ತೆ ಹಡಗು ಹತ್ತಿದ್ದ. ಇನ್ನೊಬ್ಬ ಹಡಗಿನ ಆಸೆಯನ್ನೇ ಬಿಟ್ಟು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. "ನಮ್ಮ ಹಣೆಬರಹ ಬಿಡಿ ಮೇಡಂ," ಎಂದ ಅವನು, ಬೇಸರವೂ ಇಲ್ಲದೆ.

ಹಣೆಬರಹವಲ್ಲ, ನನ್ನ ಬರಹ ಎಂದುಕೊಂಡಳು. ಹಳೆಯ ಪತ್ರವನ್ನು ಬಿಚ್ಚಿ, ನಾಲ್ಕು ಸಾಲಿನ ಕೆಳಗೆ ಇನ್ನೂ ಇಬ್ಬರ ಹೆಸರು ಸೇರಿಸಿದಳು. ಆಮೇಲೆ ಏಣಿಗೆ ಫೋನ್ ಮಾಡಿದಳು.

"ಅಂಚೆ ಕಚೇರಿಗೆ ಬನ್ನಿ."

*

ಅವನು ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಸಾಲಿನಲ್ಲಿ ಎಂಟು ಹತ್ತು ಜನ. ಅವಳು ಪತ್ರವನ್ನು ಅವನ ಕೈಗೆ ಕೊಟ್ಟಳು.

"ಓದಿ. ನಿಮ್ಮ ಹೆಸರಿದೆ. ನಿಮಗೆ ಗೊತ್ತಿದ್ದೂ ಸುಮ್ಮನಿದ್ರಿ ಅಂತ ಬರೆದಿಲ್ಲ. ಅದು ನನ್ನದಲ್ಲ, ನಿಮ್ಮದು."

ಅವನು ನಿಂತಲ್ಲೇ ಎರಡು ಸಲ ಓದಿದ.

"ಇದು ಹೋದ್ರೆ ನಿಮ್ಮ ಕೆಲಸ?"

"ಗೊತ್ತಿಲ್ಲ. ತನಿಖೆ ಮಾಡ್ತಾರೆ. ತೆಗೆದರೂ ತೆಗೀಬಹುದು."

ಅವನು ಅಂಚೆ ಕಚೇರಿಯ ದಾರ ಕಟ್ಟಿದ ಪೆನ್ನನ್ನು ಎಳೆದುಕೊಂಡ. ಕಾಗದವನ್ನು ಗೋಡೆಗೆ ಒತ್ತಿ, ಅವಳ ಸಹಿಯ ಕೆಳಗೆ ಬರೆಯತೊಡಗಿದ. ಪಟ್ಟಿ ಕಟ್ಟಿದ ಕೈ ಕಾಗದವನ್ನು ಸರಿಯಾಗಿ ಹಿಡಿಯಲಾರದೆ ಅದು ಜಾರುತ್ತಿತ್ತು. ಅವಳು ಒಂದು ಅಂಚನ್ನು ಹಿಡಿದುಕೊಂಡಳು. ಈ ತಪ್ಪು ನನಗೆ ಆ ದಿನವೇ ತಿಳಿದಿತ್ತು, ಹೆದರಿ ಹೇಳಲಿಲ್ಲ, ಹೇಳಿದ್ದರೆ ಉಳಿದಿಬ್ಬರ ಎಣಿಕೆಯೂ ಸರಿಯಾಗುತ್ತಿತ್ತು ಎಂದು ಬರೆದು ಸಹಿ ಹಾಕಿದ.

"ಇದನ್ನ ನೋಡಿ ಶುಕ್ರವಾರದ ಪರೀಕ್ಷೆ ನಿಲ್ಲಿಸಿದ್ರೆ?" ಎಂದಳು.

"ನಿಲ್ಲಿಸಲಿ. ನಿಲ್ಲಿಸಲಿ ಅಂತ ಆಸೆಪಟ್ಟು ಬರೆದಿಲ್ಲ ಈ ಸಲ. ಆ ಹಡಗು ವಾಲಿದಾಗ ನಾಲ್ಕು ದಿನ ಬ್ರಿಜ್ ಮೇಲೆ ಕಾವಲು ನಿಂತೆ, ಒಬ್ಬನೇ. ಅಧಿಕಾರಿಗೆ ಕಾಲು ಮುರಿದಿತ್ತು. ಪ್ರತಿ ಗಳಿಗೆಯೂ ಆ ಮುದುಕನ ಮುಖ ಕಣ್ಣಿಗೆ ಕಟ್ಟಿತ್ತು. ಹೆದರಿಕೆ ಹೋಗಲಿಲ್ಲ ಮೇಡಂ, ಒಂದು ಚೂರೂ. ಹೆದರ್ಕೊಂಡೇ ನೋಡ್ತಿದ್ದೆ. ಆದ್ರೆ ನೋಡ್ತಿದ್ದೆ."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಇಬ್ಬರೂ ಹೋದರು.

"ನಿಮ್ಮಮ್ಮನಿಗೆ ನಾನೇ ಹೇಳಬೇಕು," ಎಂದಳು.

"ನಾನು ಹೇಳಿದೆ. ಎರಡು ದಿನ ನನಗೆ ಊಟ ಬಡಿಸಲಿಲ್ಲ. ನಿಮ್ಮನ್ನ ಕರ್ಕೊಂಡು ಬಾ ಅಂದ್ರು. ಬೈಯೋಕೋ, ಬಡಿಸೋಕೋ ಹೇಳಲಿಲ್ಲ."

ಇಷ್ಟು ದಿನಗಳ ಮೇಲೆ ಅವಳಿಗೆ ನಗು ಬಂತು. ಈ ಸಲ ನುಂಗಲಿಲ್ಲ. ನಗುತ್ತಿದ್ದಾಗಲೇ ಕಣ್ಣು ತುಂಬಿತು. ಅವನು ಬಹಳ ಸಣ್ಣ ಧ್ವನಿಯಲ್ಲಿ, ಸಾಲಿನಲ್ಲಿ ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ.

"ನಿಮ್ಮನ್ನ ಇಷ್ಟಪಡ್ತೀನಿ. ಹೆದರಿಕೊಂಡೇ ಹೇಳ್ತಿದೀನಿ."

ಮುಂದಿದ್ದ ಮುದುಕರೊಬ್ಬರು ತಿರುಗಿ ನೋಡಿದರು. ಬಹುಶಃ ಕೇಳಿತ್ತು.

ಅವಳು ಲಕೋಟೆಯ ಅಂಚಿಗೆ ನಾಲಿಗೆ ತಾಗಿಸಿ ಅಂಟಿಸಿದಳು. ಅಂಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿದಳು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದಳು.

"ನನ್ನ ಕೆಲಸ ಹೋದ್ರೂ?"

"ನಾನು ಫೇಲಾದ್ರೂ?"

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ ನೀನು?" ಎಂದಳು ಅವಳು.

ನೀನು ಎಂದದ್ದು ಅವನಿಗೆ ಕೇಳಿಸಿತು. ಅವನ ಕಿವಿ ಕೆಂಪಾಯಿತು.

"ಮುಂದೆ ಬನ್ನಿ," ಎಂದ ಅಂಚೆ ಗುಮಾಸ್ತ. ಲಕೋಟೆ ತೂಗಿ, ಚೀಟಿ ಅಂಟಿಸಿ, ವಿಳಾಸ ಓದಿದ. "ಕಳಿಸೋರು ಯಾರು? ಇಬ್ಬರಲ್ಲಿ ಯಾರ ಹೆಸರು ಬರೀಲಿ?"

"ನನ್ನದು," ಎಂದಳು ಅವಳು.

"ಇಬ್ಬರದೂ ಬರೀರಿ," ಎಂದ ಅವನು.

ಗುಮಾಸ್ತ ಒಮ್ಮೆ ಇಬ್ಬರನ್ನೂ ನೋಡಿ, ಎರಡು ಹೆಸರನ್ನೂ ಬರೆದ. ಮೊಹರು ಬಿತ್ತು. ಕೌಂಟರಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಅವಳು ಅವನ ಬಲಗೈ ಹಿಡಿದುಕೊಂಡಳು. ಅದೂ ತನ್ನದರಷ್ಟೇ ತಣ್ಣಗಿತ್ತು.

ಗುಮಾಸ್ತ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದು ಮುಂದಿನವರನ್ನು ಕರೆದ.